ನಡದ್ರ ಹೊಟ್ಟಿ ಕರಗತೈತೇನು? ಶ್ರೀಶೈಲದ ತನಕ ಒಂದು ಲೆಕ್ಕ



ಈ ಸಲ ಬೆಳಿ ಸುದ್ದಿ ಅಲ್ಲ, ಹೊಟ್ಟಿ ಸುದ್ದಿ. ಕಬ್ಬಿನ ರವದಿ ಮುಚ್ಚಿ, ಕುಳೆಗೆ ಒಂದು ನೀರು ಕೊಟ್ಟು ಮುಗಿಸೀನಿ. ಸ್ವಲ್ಪ ಬಿಡುವು ಐತಿ, ಅದಕ್ಕ ಬಾಳ ದಿನದಿಂದ ತಲ್ಯಾಗ ಇದ್ದದ್ದನ್ನ ಬರೀಲಿಕ್ಕತ್ತೀನಿ. ಉದ್ದ ಆಗತೈತಿ, ಪುರಸೊತ್ತು ಮಾಡಕೊಂಡು ಓದ್ರಿ.

ದೀಪಾವಳಿ ಆದಮ್ಯಾಲ ನಮ್ಮ ಘೋಡಗೇರಿಯೊಳಗ ನಾವು 11 ಮಂದಿ ಬೆಳಿಗ್ಗೆ ವಾಕಿಂಗ್ ಶುರು ಮಾಡಿದ್ವಿ. ಎಲ್ಲಾರೂ 45 ದಾಟಿದವರು. ಒಬ್ಬರಿಗೆ ಶುಗರ್, ಒಬ್ಬರಿಗೆ ಬಿಪಿ, ಉಳದವರಿಗೆ ಹೊಟ್ಟಿ. ಡಾಕ್ಟರು ಎಲ್ಲಾರಿಗೂ ಹೇಳಿದ್ದು ಒಂದಽ ಮಾತು, "ದಿನಾ ನಡೀರಿ". ಇದಕ್ಕ ಈಗಿನ ಹುಡುಗರು ಕಾರ್ಡಿಯೋ ಅಂತಾರ. ಅಂದ್ರ ಎದಿ ಬಡಿತ ಏರಬೇಕು, ಉಸಿರು ಜೋರಾಗಬೇಕು, ಅಂಥಾ ವ್ಯಾಯಾಮ. ಬಿರುಸಿನ ನಡಿಗಿ, ಓಟ, ಸೈಕಲ್, ಈಜು, ಹಗ್ಗ ಜಿಗಿಯೂದು ಎಲ್ಲಾ ಇದರಾಗ ಬರತಾವ.

ಮೂರು ತಿಂಗಳಾದ ಮ್ಯಾಲ ಈಗ ಉಳದವರು ನಾಕಽ ಮಂದಿ. ಬಿಟ್ಟ ಏಳೂ ಮಂದಿ ಹೇಳಿದ ಕಾರಣ ಒಂದಽ: "ತೂಕಾನ ಇಳೀಲಿಲ್ಲಲ್ಲೊ ಮಾರಾಯಾ, ಸುಮ್ಮನ ಯಾಕ ಕಾಲು ಸವಸೂದು?"

ಅವರು ಹೇಳೂದು ಖರೇನ ಐತಿ. ತೂಕ ಇಳಿಯಲಿಲ್ಲ, ಇಳದರೂ ಅರ್ಧಾ ಕಿಲೋ. ಆದರ ಅದನ್ನ ನೋಡಿ ನಡಿಯೂದು ಬಿಟ್ಟಿದ್ದು ಸರಿ ಅಲ್ಲ ಅನ್ನೂದು ನನ್ನ ಮಾತು. ಯಾಕ ಅಂತ ಲೆಕ್ಕ ಸಮೇತ ಹೇಳ್ತೀನಿ. ನಾ ಓದಿದ್ದು ಎಸ್ಸೆಸ್ಸೆಲ್ಸಿ ತನಕ. ಮಗಳು ನರ್ಸಿಂಗ್ ಓದಲಿಕ್ಕತ್ತಾಳ. ದೊಡ್ಡ ದೊಡ್ಡ ಸಂಶೋಧನಾ ಸುದ್ದಿ ಆಕಿ ಓದಿ ತಿಳಿಸಿ ಹೇಳಿದ್ದು, ಗುಣಾಕಾರ ಭಾಗಾಕಾರ ನಂದು.

ಮೊದಲ ಹೊಲದ ಲೆಕ್ಕ ನೋಡೂಣು.

ನಮ್ಮಪ್ಪನ ಕಾಲಕ್ಕ ಎತ್ತಿನ ನೇಗಿಲು. ಒಂದು ಸಾಲಿನ ಅಗಲ ಒಂದು ಗೇಣಿಗಿಂತ ತುಸು ಕಡಿಮಿ, 20 ಸೆಂಟಿಮೀಟರ್ ಅಂತ ಹಿಡೀರಿ. ಒಂದು ಎಕರೆ ಅಂದ್ರ 4,047 ಚದರ ಮೀಟರ್. ಭಾಗಿಸಿ ನೋಡ್ರಿ, ಒಂದು ಎಕರೆ ನೇಗಿಲು ಹೊಡೀಲಿಕ್ಕೆ ಹತ್ತತ್ರ 20 ಕಿಲೋಮೀಟರ್ ನಡೀಬೇಕು. ದಿನಕ್ಕ ಅರ್ಧಾ ಎಕರೆ ಹೊಡದ್ರೂ 10 ಕಿಲೋಮೀಟರ್ ಆತು. ಅದೂ ಡಾಂಬರ್ ರಸ್ತಾದ ಮ್ಯಾಲ ಅಲ್ಲ, ಹೆಂಟಿ ತುಳಕೋಂತ, ಮೇಳಿ ಒತ್ತಿ ಹಿಡಕೊಂಡು. ಈಗ ಅದಽ ಎಕರೆಗೆ ಟ್ರ್ಯಾಕ್ಟರ್ ಬಂದು ರೋಟಾವೇಟರ್ ಹೊಡದು ಹೋಗತೈತಿ, ನಾವು ಬದುವಿನ ಮ್ಯಾಲ ಬೈಕಿನ ಮ್ಯಾಲ ಕುಂತು ನೋಡ್ತೀವಿ. ಮೋಟಾರ್ ಚಾಲೂ ಮಾಡ್ಲಿಕ್ಕೂ ಹೊಲಕ್ಕ ಹೋಗಬೇಕಾಗಿಲ್ಲ, ಮನ್ಯಾಗ ಕುಂತು ಮೊಬೈಲ್ ಒತ್ತಿದ್ರ ಆತು. ಕಬ್ಬು ಕಡಿಯೂದು ಗ್ಯಾಂಗಿನವರು. ನಾವು ರೈತರು ಅಂತ ಹೇಳಕೋತೀವಿ, ಆದರ ದಿನಕ್ಕ ಎಷ್ಟು ನಡೀತೀವಿ ಅಂತ ಎಣಿಸಿದ್ರ ಪ್ಯಾಟ್ಯಾಗಿನ ಗುಮಾಸ್ತನಷ್ಟಽ ಆಗತೈತಿ.

ಬರೇ ಕಾಲು ನಿಂತಿದ್ದಷ್ಟಽ ಅಲ್ಲ, ಬಾಯಿನೂ ಬದಲಾತು. ಅಪ್ಪನ ಊಟ ಅಂದ್ರ ರೊಟ್ಟಿ, ಜುಣಕ, ಉಳ್ಳಾಗಡ್ಡಿ, ಮಜ್ಜಿಗಿ. ಸಿಹಿ ಅಂದ್ರ ಹಬ್ಬಕ್ಕ ಹೋಳಿಗಿ, ಹುಗ್ಗಿ. ಈಗ ಸಕ್ಕರಿ ಕಾರ್ಖಾನಿ ಸುತ್ತಲೂ ಇರೂ ನಾವು ದಿನಕ್ಕ ಐದಾರು ಸಲ ಚಹಾ ಕುಡೀತೀವಿ. ಯಾರ ಮನಿಗೆ ಹೋದ್ರೂ ಚಹಾ, ಯಾರ ಅಂಗಡಿ ಮುಂದ ನಿಂತ್ರೂ ಚಹಾ. ವಾಕಿಂಗ್ ಮುಗಿಸಿ ಬಂದಮ್ಯಾಲೂ ಸ್ಟ್ಯಾಂಡಿನಾಗ ಚಹಾ, ಜತಿಗೆ ಮಿರ್ಚಿ ಭಜಿ.

ಈಗ ಖರ್ಚಿನ ಲೆಕ್ಕ. ನನ್ನ ತೂಕ 76 ಕಿಲೋ. ಇಷ್ಟು ತೂಕದ ಮನಷ್ಯಾ ಸಪಾಟ ರಸ್ತಾದಾಗ ಒಂದು ಕಿಲೋಮೀಟರ್ ನಡದ್ರ ಸುಮಾರು 55 ಕ್ಯಾಲೊರಿ ಖರ್ಚಾಗತೈತಿ. ಆದರ ನಡೀಲಾರದಽ ಮನ್ಯಾಗ ಕುಂತಿದ್ರೂ ಅದರಾಗ ಒಂದಿಷ್ಟು ಖರ್ಚಾಗೇ ಆಗತಿತ್ತು. ಅದನ್ನ ಕಳದ್ರ ನಡದಿದ್ದಕ್ಕ ಹೆಚ್ಚಿಗೆ ಆದ ಖರ್ಚು ಕಿಲೋಮೀಟರಿಗೆ 40 ಅಂತ ಹಿಡೀಬಹುದು. ದಿನಾ 4 ಕಿಲೋಮೀಟರ್ ನಡದ್ರ 160. ಮೈಯಾಗಿನ ಒಂದು ಕಿಲೋ ಬೊಜ್ಜಿನಾಗ ಸುಮಾರು 7,700 ಕ್ಯಾಲೊರಿ ಇರತೈತಿ. ಅಂದ್ರ ಒಂದು ಕಿಲೋ ಕರಗಿಸಲಿಕ್ಕ 48 ದಿನ ಬೇಕು. ಅದೂ ಒಂದು ತುತ್ತೂ ಹೆಚ್ಚಿಗೆ ತಿನ್ನಲಾರದಽ ಇದ್ರ.

ಇನ್ನ ಜಮಾ ಲೆಕ್ಕ. ಒಂದು ಚಹಾಕ್ಕ ಎರಡು ಚಮಚ ಸಕ್ಕರಿ, 10 ಗ್ರಾಂ, 40 ಕ್ಯಾಲೊರಿ. ಹಾಲಿನ ಲೆಕ್ಕ ಬ್ಯಾರೆ. ದಿನಕ್ಕ ಐದು ಚಹಾ ಅಂದ್ರ ಬರೇ ಸಕ್ಕರಿದಽ 200 ಕ್ಯಾಲೊರಿ. ನಾಕು ಕಿಲೋಮೀಟರ್ ನಡದು ಕಳದಿದ್ದು 160, ಸಕ್ಕರಿ ಬಂದು ತುಂಬಿದ್ದು 200. ಗೋಕಾಕಿನಿಂದ ಯಾರರ ಕರದಂಟು ತಂದು ಕೊಟ್ರ ಎರಡು ಬೆರಳ ಅಗಲದ ತುಂಡು ತಿಂದ್ರ ಸಾಕು, ಅದರಾಗ 150 ಹತ್ರ ಇರತೈತಿ. ಬಾಯಾಗ ಎರಡು ನಿಮಿಷ, ಕಾಲಿಗೆ ನಾಕು ಕಿಲೋಮೀಟರ್. ಕರದಂಟಿಗೆ ನಾ ಬೈಯೂದಿಲ್ಲ. ಬಾಣಂತಿಗೆ, ಪೈಲ್ವಾನಗ ಅಂತ ಮಾಡಿದ ಪದಾರ್ಥ ಅದು, ಕುಂತ ಮನಷ್ಯಾಗ ಅಲ್ಲ.

ಪೈಲ್ವಾನ ಅಂದಕೂಡ್ಲೆ ನೆನಪಾತು. ನಮ್ಮ ಕಡೆ ಗರಡಿ ಮನಿ ಇರೂ ಊರಾಗ ಎಲ್ಲಾರಿಗೂ ಗೊತ್ತಿರೂ ಮಾತು ಒಂದೈತಿ. ಕುಸ್ತಿ ಆಡೂತನಕ ಪೈಲ್ವಾನನ ಮೈ ಕಬ್ಬಿಣ. ಕುಸ್ತಿ ಬಿಟ್ಟು ಖುರಾಕು ಬಿಡಲಿಲ್ಲಂದ್ರ ಎರಡು ವರ್ಷದಾಗ ಅದಽ ಮೈ ಹಿಟ್ಟಿನ ಚೀಲ. ಹಾಲು, ತುಪ್ಪ, ಬದಾಮಿ ಅವಽ, ಖರ್ಚು ಮಾತ್ರ ನಿಂತಿರತೈತಿ. ಬಾವಿಗೆ ಸೆಲಿ ಬರೂದು ಬರಕೋಂತಽ ಇದ್ದು ಮೋಟಾರ್ ಬಂದ್ ಆದ್ರ ನೀರು ಏರಲೇಬೇಕಲ್ಲ, ಹಂಗ.

ಇನ್ನೊಂದು ದೊಡ್ಡ ಲೆಕ್ಕ ಹೇಳ್ತೀನಿ. ಯುಗಾದಿ ಮುಂದ ನಮ್ಮ ಬೆಳಗಾವಿ, ಬಾಗಲಕೋಟಿ, ವಿಜಯಪುರ ಕಡಿಂದ ಶ್ರೀಶೈಲ ಮಲ್ಲಯ್ಯಗ ಪಾದಯಾತ್ರೆ ಹೋಗೂದು ನಿಮಗೆಲ್ಲಾ ಗೊತ್ತು. ನಮ್ಮ ಕಡಿಂದ 500 ಕಿಲೋಮೀಟರಿಗೂ ಮಿಕ್ಕಿ ಆಗತೈತಿ. ಕಡಿಗೆ ಆತ್ಮಕೂರು ದಾಟಿ ವೆಂಕಟಾಪುರಂ, ನಾಗಲೂಟಿ, ಪೆಚ್ಚೆರುವು, ಭೀಮನ ಕೊಳ್ಳ ಅಂತ ನಲ್ಲಮಲ ಅಡವಿಯೊಳಗ ಕಲ್ಲು ಹತ್ತಿ ಇಳದು ಕೈಲಾಸ ಬಾಗಿಲಿಗೆ ಮುಟ್ಟಬೇಕು. ಇದಕ್ಕಿಂತ ದೊಡ್ಡ ಕಾರ್ಡಿಯೋ ನಮ್ಮ ನಾಡಿನಾಗ ಯಾವದೈತಿ? ಈಗ ಮ್ಯಾಲಿನ ಲೆಕ್ಕಾನ ಹಾಕ್ರಿ. 500 ಕಿಲೋಮೀಟರ್ ಗುಣಿಸು 40, ಅಂದ್ರ 20,000 ಕ್ಯಾಲೊರಿ. ಅದನ್ನ 7,700ರಿಂದ ಭಾಗಿಸಿದ್ರ ಎರಡೂವರಿ ಕಿಲೋಕಿಂತ ಸ್ವಲ್ಪ ಹೆಚ್ಚು. ಇಲ್ಲಿಂದ ಶ್ರೀಶೈಲದ ತನಕ ನಡದ್ರ ಕರಗೂ ಬೊಜ್ಜು ಇಷ್ಟು! ದಾರ್ಯಾಗ ದಾಸೋಹ ಬ್ಯಾರೆ ಇರತೈತಿ, ಊರೂರಿಗೆ ಭಕ್ತರು ಕರದು ಹುಗ್ಗಿ, ಮಜ್ಜಿಗಿ, ಕಲ್ಲಂಗಡಿ ಕೊಡ್ತಾರ.

ನನ್ನ ಹೊಲದ ಬದುವಿಗೆ ಹತ್ತಿದ ಹೊಲದಾವ ಹ್ವಾದ ಯುಗಾದಿಗೆ ಹೋಗಿ ಬಂದ. ಮೂರು ಕಿಲೋ ಇಳದಿದ್ದ. ಮಾರಿ ಕಳಿ ಬಂದಿತ್ತು, ಪ್ಯಾಂಟು ಸಡ್ಲಾಗಿತ್ತು. ಬರೂವಾಗ ಬಸ್ಸಿನಾಗ ಬಂದ, ಬಂದಮ್ಯಾಲ ಮತ್ತ ಬೈಕ್, ಮತ್ತ ಚಹಾ. ಕಾರ ಹುಣ್ಣಿವಿ ಬರೂದ್ರೊಳಗ ಮೂರೂ ಕಿಲೋ ತಿರುಗಿ ಬಂದಿದ್ವು. ಹಂಗಾಗಿ ನಡದ್ರ ಕರಗೂದು ಸುಳ್ಳಲ್ಲ, ಕರಗತೈತಿ. ಆದರ ಸಾವಕಾಶ ಕರಗತೈತಿ, ನಿಂದ್ರಿಸಿದ್ರ ಲಗೂನ ತಿರುಗಿ ಬರತೈತಿ.

ಶರೀರಕ್ಕ ಇನ್ನೊಂದು ಚಾಳಿನೂ ಐತಿ. ಮುಂಜಾನೆ ಖರ್ಚು ಮಾಡಿದ್ದನ್ನ ಸಂಜಿತನಕ ಉಳಸಾಕ ನೋಡತೈತಿ. ಬೆಳಿಗ್ಗೆ ನಡದು ಬಂದಾವ ಮಧ್ಯಾಹ್ನ ಬೇವಿನ ಗಿಡದ ಕೆಳಗ ಇನ್ನೊಂದು ತಾಸು ಹೆಚ್ಚಿಗೆ ಉರುಳಾಡತಾನ. ಆಫ್ರಿಕಾದ ಟಾಂಜಾನಿಯಾದಾಗ ಹಡ್ಜಾ ಅನ್ನೂ ಜನ ಅದಾರಂತ. ಬೇಟೆ, ಗೆಡ್ಡಿ, ಜೇನು ಅಂತ ದಿನಾ ನಡಕೋತಽ ಬದುಕವರು. ಹರ್ಮನ್ ಪಾಂಟ್ಜರ್ ಅನ್ನೂ ವಿಜ್ಞಾನಿ ಮತ್ತು ಅವರ ಜೋಡಿದಾರರು ಈ ಜನ ದಿನಕ್ಕ ಎಷ್ಟು ಶಕ್ತಿ ಖರ್ಚು ಮಾಡ್ತಾರ ಅಂತ ಅಳದು 2012ರಲ್ಲಿ ಪ್ರಕಟ ಮಾಡಿದ್ರು. ಮೈಯ ಗಾತ್ರ ಲೆಕ್ಕಕ್ಕ ತಗೊಂಡು ನೋಡಿದ್ರ, ಕುರ್ಚಿ ಮ್ಯಾಲ ಕುಂತು ಕೆಲಸಾ ಮಾಡೂ ಅಮೆರಿಕಾ, ಯುರೋಪಿನವರಿಗಿಂತ ಹೆಚ್ಚೇನೂ ಇರಲಿಲ್ಲ. ಒಂದು ಕಡೆ ಹೆಚ್ಚು ದುಡಸಿದ್ರ ಶರೀರ ಇನ್ನೊಂದು ಕಡೆ ಕೈ ಬಿಗಿ ಹಿಡಿತೈತಿ ಅನ್ನೂದು ಅವರ ವಿಚಾರ. ಹಂಗಾಗಿ ನಾ ಮ್ಯಾಲೆ ಹಾಕಿದ ಲೆಕ್ಕಾನೂ ಕಾಗದದ ಮ್ಯಾಲಿನ ಲೆಕ್ಕ. ಖರೇ ಕರಗೂದು ಇನ್ನೂ ಸ್ವಲ್ಪ ಕಡಿಮಿನಽ.

ಮಗನ ಕೈಯಾಗಿನ ಗಡಿಯಾರ "400 ಕ್ಯಾಲೊರಿ ಸುಟ್ಟಿ" ಅಂತ ತೋರಿಸತೈತಿ, ಆತ ಖುಷಿಲೆ ಒಂದು ವಡಾಪಾವ್ ತಿಂತಾನ. ಆ ಗಡಿಯಾರದ ಮಾತು ಪೂರಾ ನಂಬಬ್ಯಾಡ್ರಿ. 2017ರಲ್ಲಿ ಅಮೆರಿಕಾದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು ಇಂಥಾ ಏಳು ನಮೂನಿ ಕೈಪಟ್ಟಿ ಪರೀಕ್ಷಾ ಮಾಡಿದ್ರು. ಎದಿ ಬಡಿತ ಎಣಿಸೂದ್ರಾಗ ಹೆಚ್ಚಿನವು ಚಲೋ ಇದ್ವು. ಕ್ಯಾಲೊರಿ ಹೇಳೂದ್ರಾಗ ಮಾತ್ರ ಎಲ್ಲಾಕ್ಕಿಂತ ಚಲೋ ಇದ್ದದ್ದೂ ನೂರಕ್ಕ 27ರಷ್ಟು ತಪ್ಪು.

ಇನ್ನ ಬೆವರಿನ ಸುದ್ದಿ. ಕೆಲವರು ಬ್ಯಾಸಗಿಯಾಗೂ ಜಾಕೀಟು ಹಾಕ್ಕೊಂಡು ಓಡತಾರ, ಬೊಜ್ಜು ಬೆವರಾಗಿ ಸೋರಿ ಹೋಗತೈತಿ ಅಂತ. ಬೆವರಾಗಿ ಹೋಗೂದು ನೀರು ಮತ್ತು ಉಪ್ಪು. ಎರಡು ತಂಬಿಗಿ ನೀರು ಕುಡದ್ರ ಆ ತೂಕ ವಾಪಸ್ ಬಂತು. ಬೊಜ್ಜು ಹೋಗೂ ದಾರಿ ಬ್ಯಾರೆ. ಆಸ್ಟ್ರೇಲಿಯಾದ ರೂಬೆನ್ ಮೀರ್ಮನ್ ಮತ್ತು ಆಂಡ್ರೂ ಬ್ರೌನ್ ಅನ್ನವರು 2014ರಲ್ಲಿ ಇದನ್ನ ಲೆಕ್ಕ ಹಾಕಿ ತೋರಿಸಿದ್ರು. 10 ಕಿಲೋ ಬೊಜ್ಜು ಕರಗಿದ್ರ 8.4 ಕಿಲೋ ಇಂಗಾಲದ ಡೈಆಕ್ಸೈಡ್ ಆಗಿ ಉಸಿರಿನಾಗ ಹೋಗತೈತಿ, 1.6 ಕಿಲೋ ನೀರಾಗತೈತಿ. ಅಂದ್ರ ಬೊಜ್ಜು ಹೋಗೂದು ಮೂಗಿನಿಂದ. ಇದನ್ನ ಕೇಳಿದಾಗ ನನಗ ನಗಿ ಬಂತು. ನಾವು ಉಸಿರಿನಾಗ ಬಿಟ್ಟ ಅದಽ ಗಾಳಿ ತಗೊಂಡು ನಮ್ಮ ಕಬ್ಬಿನ ಗರಿ ಸಕ್ಕರಿ ಮಾಡತೈತಿ, ಅದಽ ಸಕ್ಕರಿ ತಿರುಗಿ ನಮ್ಮ ಚಹಾದ ಕಪ್ಪಿಗೆ ಬರತೈತಿ!

ಇಷ್ಟೆಲ್ಲಾ ಓದಿದವರು ಕೇಳಬಹುದು: ಹಂಗಾರ ನಡಿಯೂದು ದಂಡ ಏನು? ಅಲ್ಲ. ನಾ ಬರೀಲಿಕ್ಕ ಕುಂತಿದ್ದಽ ಇದಕ್ಕ.

ನಮ್ಮ ಅಣ್ಣ 57ನೇ ವಯಸ್ಸಿಗೆ ಹೃದಯಾಘಾತದಿಂದ ಹ್ವಾದ. ಆತನ ತೂಕ 64 ಕಿಲೋ. ಯಾರೂ ಆತಗ ದಪ್ಪ ಅಂತಿರಲಿಲ್ಲ. ಕೈಕಾಲು ಸಣ್ಣ, ಹೊಟ್ಟಿ ಮಾತ್ರ ಮಗಿಯಂಗ ಮುಂದ. ಕಾಟಾದ ಮ್ಯಾಲ ನಿಂತಾಗೆಲ್ಲಾ "ನಂದೇನೂ ತೂಕಿಲ್ಲ" ಅಂತಿದ್ದ. ನನಗ ಈಗ 54. ಅದಕ್ಕ ಕಾಟಾ ಹೇಳೂದನ್ನ ನಾ ಪೂರಾ ನಂಬೂದಿಲ್ಲ.

ಪುಣೆಯ ಕೆಇಎಂ ಆಸ್ಪತ್ರೆಯೊಳಗ ಡಾ. ಯಾಜ್ಞಿಕ್ ಅಂತ ಹೆಸರಾಂತ ಮಧುಮೇಹ ತಜ್ಞರು ಅದಾರ. ಅವರೂ ಲಂಡನ್ನಿನ ಡಾ. ಯುಡ್ಕಿನ್ ಅನ್ನವರೂ ಜೋಡಿ ಕುಂತು ತೆಗಿಸಿಕೊಂಡ ಒಂದು ಫೋಟೋ 2004ರಲ್ಲಿ ಲ್ಯಾನ್ಸೆಟ್ ಅನ್ನೂ ವೈದ್ಯಕೀಯ ಪತ್ರಿಕಾದಾಗ ಬಂತು. ಎತ್ತರಕ್ಕ ತೂಕ ಹೋಲಿಸಿ ನೋಡೂ ಬಿಎಂಐ ಇಬ್ಬರದೂ ಒಂದಽ, 22.3. ಆದರ ಮೈಯಾಗಿನ ಬೊಜ್ಜು ಅಳದು ನೋಡಿದ್ರ ಯುಡ್ಕಿನ್ ಅವರದು ನೂರಕ್ಕ 9.1, ಯಾಜ್ಞಿಕ್ ಅವರದು 21.2. ಎರಡು ಪಟ್ಟಿಗಿಂತ ಹೆಚ್ಚು! ಯುಡ್ಕಿನ್ ಮ್ಯಾರಥಾನ್ ಓಡವರು. ಯಾಜ್ಞಿಕ್ ಅವರ ಓಟ ಅಂದ್ರ ಆಸ್ಪತ್ರೆ ಲಿಫ್ಟಿನ ಬಾಗಲ ಮುಚ್ಚೂದ್ರೊಳಗ ಓಡಿ ಹತ್ತೂದು ಅಷ್ಟಽ ಅಂತ ಅವರಽ ಚಾಷ್ಟಿ ಮಾಡಿ ಬರದಾರ. ಓಟ ಒಂದಽ ಕಾರಣ ಅಲ್ಲ. ನಮ್ಮ ಭಾರತದವರ ಮೈ ಹುಟ್ಟಿನಿಂದನಽ ಹಂಗ, ಮಾಂಸಖಂಡ ಕಡಿಮಿ, ಬೊಜ್ಜು ಹೆಚ್ಚು, ಅದೂ ಹೊಟ್ಟಿ ಸುತ್ತ ಕೂಡತೈತಿ ಅನ್ನೂದು ಅವರ ಸಂಶೋಧನಾ. ನಮ್ಮಣ್ಣನ ಮೈ ಹಿಂಗಽ ಇತ್ತು. ಅದಕ್ಕ ಭಾರತದ ಗಂಡಸರಿಗೆ ಹೊಟ್ಟಿ ಸುತ್ತಳತಿ 90 ಸೆಂಟಿಮೀಟರ್, ಹೆಣ್ಣಮಕ್ಕಳಿಗೆ 80 ದಾಟಬಾರದು ಅಂತ ಡಾಕ್ಟರು ಹೇಳೂದು. ತೂಕ ಎಷ್ಟಽ ಇರಲಿ.

ಹೊಟ್ಟಿ ಒಳಗ, ಕರಳು, ಪಿತ್ತಜನಕಾಂಗದ ಸುತ್ತ ಕೂಡೂ ಬೊಜ್ಜು ಬಾಳ ಕೆಟ್ಟದ್ದು. ಶುಗರ್, ಹೃದಯದ ರೋಗಕ್ಕ ದಾರಿ ಮಾಡೂದು ಅದಽ. ಬಿರುಸಾಗಿ ನಡದ್ರ ಈ ಒಳಗಿನ ಬೊಜ್ಜು ಕಡಿಮಿ ಆಗತೈತಿ, ಕಾಟಾದ ಮ್ಯಾಲಿನ ತೂಕ ಅಷ್ಟಽ ಇದ್ದಾಗಲೂ. ನಡಿಯೂ ಕಾಲಿನ ಖಂಡ ರಕ್ತದಾಗಿನ ಸಕ್ಕರಿ ಎಳಕೋತೈತಿ. ಅದಕ್ಕ ಊಟಾ ಆದಕೂಡ್ಲೆ 10-15 ನಿಮಿಷ ಅಡ್ಡಾಡಿದ್ರೂ ಊಟದ ನಂತರ ಏರೂ ಶುಗರ್ ಕಡಿಮಿ ಏರತೈತಿ. ಬಿಪಿ ಇಳಿತೈತಿ, ನಿದ್ದಿ ಹತ್ತತೈತಿ. ಇದು ಯಾವದೂ ಕಾಟಾದ ಮ್ಯಾಲ ಕಾಣೂದಿಲ್ಲ.

ಇನ್ನ ಜಿಮ್ಮಿಗೆ ಹೋಗೂ ಹುಡುಗರು ಜಗಳಾಡೂ ಮಾತು: ಓಡೂದು ಚಲೋನೊ, ತೂಕ ಎತ್ತೂದು ಚಲೋನೊ? ಅಮೆರಿಕಾದ ಡ್ಯೂಕ್ ವಿಶ್ವವಿದ್ಯಾಲಯದವರು ಇದಕ್ಕ 8 ತಿಂಗಳ ಪರೀಕ್ಷಾ ಮಾಡಿ 2012ರಲ್ಲಿ ಪ್ರಕಟ ಮಾಡಿದ್ರು. 119 ದಪ್ಪ ಮಂದಿ ಕಡೀತನಕ ಉಳದ್ರು. ಒಂದು ಗುಂಪು ನಡಿಗಿ ಓಟ, ಒಂದು ಗುಂಪು ತೂಕ ಎತ್ತೂದು, ಒಂದು ಗುಂಪು ಎರಡೂ. ಊಟ ಬದಲಿ ಮಾಡಲಿಲ್ಲ. ಬೊಜ್ಜು ಕರಗಿದ್ದು ನಡದು ಓಡಿದವರಿಗೆ ಮತ್ತು ಎರಡೂ ಮಾಡಿದವರಿಗೆ, ತೂಕ ಎತ್ತಿದವರಿಗೆ ಖಂಡ ಬೆಳೀತು. ಆದರ ಎಂಟು ತಿಂಗಳು ದುಡದ್ರೂ ಕರಗಿದ ಬೊಜ್ಜು ಸರಾಸರಿ ಎರಡೂವರಿ ಕಿಲೋ ಒಳಗಽ. ಶ್ರೀಶೈಲದ ಲೆಕ್ಕದಷ್ಟಽ ಬಂತು ನೋಡ್ರಿ! ಐವತ್ತು ದಾಟಿದ ನಮ್ಮಂಥವರಿಗೆ ಖಂಡಾನೂ ಕರಗಿಕೋತ ಹೋಗತೈತಿ, ಅದಕ್ಕ ಎರಡೂ ಬೇಕು. ಚೀಲ ಎತ್ತೂದು, ಸಲಿಕಿ ಹೊಡಿಯೂದು, ಬೈಠಕ್ ಹೊಡಿಯೂದು ನಮಗೇನು ಹೊಸಾದಲ್ಲ, ಟ್ರ್ಯಾಕ್ಟರ್ ಬಂದಮ್ಯಾಲ ಬಿಟ್ಟೀವಿ ಅಷ್ಟಽ.

ಈಗ ನಮ್ಮ ಮನ್ಯಾಗ ಏನು ಮಾಡೀವಿ ಅಂತ ಹೇಳ್ತೀನಿ. ಇದು ಉಪದೇಶ ಅಲ್ಲ, ಬೇಕಾದವರು ತಗೋರಿ.

ಬೆಳಿಗ್ಗೆ 40 ನಿಮಿಷ ನಡಿಗಿ. ಎಷ್ಟು ಬಿರುಸು ಅಂದ್ರ ಮಾತಾಡಲಿಕ್ಕೆ ಬರಬೇಕು, ಹಾಡಲಿಕ್ಕೆ ಬರಬಾರದು. ವಿಶ್ವ ಆರೋಗ್ಯ ಸಂಸ್ಥೆ ಹೇಳೂದು ವಾರಕ್ಕ ಕನಿಷ್ಠ 150 ನಿಮಿಷ, ಇದು ಅದಕ್ಕ ಸಾಕಾಗಿ ಮಿಗತೈತಿ. ರಾತ್ರಿ ಊಟಾ ಆದಮ್ಯಾಲ ನಾನು ಮತ್ತು ಮನಿಯಾಕಿ ಗುಡಿತನಕ ಹೋಗಿ ಬರತೀವಿ. ಮೊದಮೊದಲ ಆಕಿ "ಮಂದಿ ಏನಂತಾರ, ನಾ ದಿನಾ ಮನ್ಯಾಗ ದುಡಿಯೂದು ಸಾಲದೇನು" ಅಂದಳು. ಆದರ ಕುಂತು ಕಸಾ ತಗಿಯೂದಕ್ಕೂ ಎದಿ ಬಡಿತ ಏರೂ ನಡಿಗಿಗೂ ಫರಕ್ ಐತಿ. ಮಗಳು ಟೇಪ್ ಹಿಡದು ತೋರಿಸಿದ ಮ್ಯಾಲ ಆಕಿನಽ ನನ್ನ ಎಬ್ಬಸಿಕೊಂಡು ಹೋಗತಾಳ. ಈಗ ಓಣ್ಯಾಗಿನ ಇನ್ನಿಬ್ಬರು ಹೆಣ್ಣಮಕ್ಕಳು ಕೂಡ್ಯಾರ.

ಚಹಾ ಐದರಿಂದ ಎರಡಕ್ಕ ಇಳಿಸೀವಿ, ಸಕ್ಕರಿ ಅರ್ಧಾ ಚಮಚ. ಬೆಲ್ಲ ಹಾಕಿದ್ರ ನಡಿತೈತಿ ಅಂತ ಕೆಲವರು ತಿಳದಾರ. ಕ್ಯಾಲೊರಿಯಾಗ ಬೆಲ್ಲ ಸಕ್ಕರಿಗೆ ಹೆಚ್ಚು ಫರಕ್ ಇಲ್ಲ, ಶುಗರನ್ನೂ ಏರಿಸತೈತಿ. ಕಬ್ಬು ಬೆಳಿಯೂ ನಾವಽ ಇದನ್ನ ಹೇಳಬೇಕು. ಊಟದಾಗ ಅನ್ನ ಕಡಿಮಿ, ಕಾಳು ಪಲ್ಯ, ಮೊಸರು ಹೆಚ್ಚು. ರೊಟ್ಟಿ ಬಿಟ್ಟಿಲ್ಲ.

ತಿಂಗಳಿಗೊಮ್ಮೆ ಟೇಪ್ ಹಿಡದು ಹೊಕ್ಕಳ ಮಟ್ಟದಾಗ ಅಳೀತೀವಿ. ದೀಪಾವಳಿಗೆ ನಂದು 98 ಸೆಂಟಿಮೀಟರ್ ಇತ್ತು, ಈಗ 94. ತೂಕ ಇಳದಿದ್ದು ಬರೇ ಎರಡು ಕಿಲೋ. ಕಾಟಾ ಕಬ್ಬಿಗೆ ಇರಲಿ, ಹೊಟ್ಟಿಗೆ ಟೇಪ್ ಸಾಕು.

ಎಚ್ಚರಿಕಿ ಎರಡು ಮಾತು. ಹೃದಯದ ತೊಂದರಿ ಇದ್ದವರು, ಶುಗರಿಗೆ ಗುಳಿಗಿ, ಇನ್ಸುಲಿನ್ ತಗೊಳ್ಳವರು ಒಮ್ಮಿಗೆ ಓಡಲಿಕ್ಕೆ ಹೋಗಬ್ಯಾಡ್ರಿ, ನಿಮ್ಮ ಡಾಕ್ಟರನ್ನ ಕೇಳಿ ಶುರು ಮಾಡ್ರಿ. ಮತ್ತ ಶುಗರ್ ಇದ್ದವರು ಬರಿಗಾಲಿಲೆ ನಡೀಬ್ಯಾಡ್ರಿ, ಹೊಲದಾಗೂ ಬ್ಯಾಡ. ಕಬ್ಬಿನ ಕೂಳಿ ಚುಚ್ಚಿದ್ದು ಗೊತ್ತಽ ಆಗೂದಿಲ್ಲ.

ಇದನ್ನ ಯಾಕ ಒತ್ತಿ ಹೇಳ್ತೀನಿ ಅಂದ್ರ, ಶ್ರೀಶೈಲಕ್ಕ ಹೋಗಿ ಬಂದಾವ ಅಂತ ಹೇಳಿದ್ನೆಲ್ಲ, ವಾಕಿಂಗ್ ಬಿಟ್ಟ ಏಳು ಮಂದ್ಯಾಗ ಆತನೂ ಒಬ್ಬ. ಹ್ವಾದ ತಿಂಗಳ ಕೂಳಿ ಚುಚ್ಚಿ ಕಾಲಿನ ಕಿರಿಬೆರಳಿಗೆ ಗಾಯ ಆತು, ಮಾಯಲಿಲ್ಲ. ತಪಾಸಣಿ ಮಾಡಿಸಿದ್ರ ಶುಗರ್ 300 ದಾಟಿತ್ತು. ನಡಿಯೂದು ಬಿಟ್ಟಿದ್ದಕ್ಕಽ ಹಿಂಗಾತು ಅಂತ ನಾ ಹೇಳೂದಿಲ್ಲ, ಆದರ ನಡೀತಿದ್ರ ಆತಗ ಅನುಕೂಲ ಆಗತಿತ್ತು. 500 ಕಿಲೋಮೀಟರ್ ನಡದ ಕಾಲು ಅದು. ಈಗ ಬೆರಳು ಉಳದೈತಿ, ಗಾಯ ಒಣಗಲಿಕ್ಕತ್ತೈತಿ. ಪೂರಾ ಮಾಯ್ದ ಮ್ಯಾಲ ಬೂಟು ಹಾಕ್ಕೊಂಡು ಸಾವಕಾಶ ನಡೀಬಹುದು ಅಂತ ಡಾಕ್ಟರು ಹೇಳ್ಯಾರ. ನಿನ್ನೆ ನೋಡಲಿಕ್ಕೆ ಹೋದಾಗ ಆತನಽ ಕೇಳಿದ, "ಎಷ್ಟಕ್ಕ ಹೊಂಡತೀರಿ?" ಐದೂವರಿಗೆ ಅಂದೆ.

ನಿಮ್ಮ ಊರಾಗೂ ತೂಕ ಇಳಿಲಿಲ್ಲಂತ ವಾಕಿಂಗ್ ಬಿಟ್ಟವರು ಇದ್ರ, ಅವರಿಗೊಮ್ಮೆ ಟೇಪ್ ಹಿಡದು ತೋರಿಸ್ರಿ. ಮುಂದಿನ ಸಲ ಕುಳೆ ಕಬ್ಬಿಗೆ ಕೊಟ್ಟ ಗೊಬ್ಬರದ ಲೆಕ್ಕ ಬರೀತೀನಿ.